ಟೆಸ್ಟ್ ಸರಿಯಾಗಿಯೇ ಹೇಳಿತ್ತು

ಈ ಬೇಸಿಗೆಯ ಆರಂಭದಲ್ಲಿ, ಡ್ಯಾಲಸ್ ಪಕ್ಕದ ಕಾಪೆಲ್‌ನ ಒಂದು ಹಾಲಿನಲ್ಲಿ ನಡೆದ ಗ್ರಾಜುಯೇಷನ್ ಪಾರ್ಟಿಯಲ್ಲಿ ಅದನ್ನು ಮತ್ತೆ ಕಂಡೆ. ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಮಾಡುವ ಇಂಥ ಪಾರ್ಟಿಗಳಲ್ಲಿ ಬಾಗಿಲ ಹತ್ತಿರ ಒಂದು ಮೇಜು ಇಡುತ್ತಾರೆ. ತೊಟ್ಟಿಲ ಕಾಲದ ಕಾಲ್ಚೀಲದಿಂದ ಹಿಡಿದು ರೋಬೋಟಿಕ್ಸ್ ಪದಕದವರೆಗೆ ಮಗುವಿನ ಇಡೀ ಬದುಕನ್ನು ಅದರ ಮೇಲೆ ಹರಡಿರುತ್ತಾರೆ. ಪದಕಗಳ ಮಧ್ಯೆ ಒಂದು ಪ್ಲಾಸ್ಟಿಕ್ ಬ್ಲಾಕ್ ಇತ್ತು. ಪಗಡೆಯ ದಾಳಕ್ಕಿಂತ ಸ್ವಲ್ಪ ದೊಡ್ಡದು. ಕೆಲವು ಮುಖ ಕೆಂಪು, ಕೆಲವು ಬಿಳಿ, ಉಳಿದವು ಮೂಲೆಯಿಂದ ಮೂಲೆಗೆ ಸೀಳಿದಂತೆ ಅರ್ಧ ಕೆಂಪು, ಅರ್ಧ ಬಿಳಿ. ಇದೇನು ಎಂದು ಯಾರೋ ಕೇಳಿದರು. ಯಾವುದೋ ಆಟದ ಸೆಟ್ಟಿನದು, ಚಿಕ್ಕವನಿದ್ದಾಗ ಇದನ್ನು ಮುಷ್ಟಿಯಲ್ಲಿ ಹಿಡಿಯದೆ ಮಲಗುತ್ತಿರಲಿಲ್ಲ ಎಂದು ಹುಡುಗನ ತಾಯಿ ನಕ್ಕರು.

ಅದು ಆಟದ ಸೆಟ್ಟಿನದಲ್ಲ.

ನೆನಪು ಇಂಥ ಬ್ಲಾಕುಗಳನ್ನು ಜೋಡಿಸಿದ ಹಾಗೆ ಎಂದು ಬರೆಯಲು ಕೈ ಹೋಗುತ್ತದೆ. ಬರೆಯುವುದಿಲ್ಲ. ಬ್ಲಾಕು ಜೋಡಿಸುವ ಮಗುವಿನ ಎದುರಿಗೆ ಒಂದು ಚಿತ್ರವನ್ನಾದರೂ ಇಟ್ಟಿರುತ್ತಾರೆ. ನನ್ನ ಎದುರಿಗೆ ಅಂಥದ್ದೇನೂ ಇಲ್ಲ. ಕೆಳಗೆ ಬರೆದದ್ದರಲ್ಲಿ ಯಾವುದಾದರೂ ಭಾಗ ತೀರಾ ನೀಟಾಗಿ ಕಂಡರೆ ಅದನ್ನು ಓದುವವರು ಅನುಮಾನಿಸಬೇಕು, ನಾನೂ ಅನುಮಾನಿಸುತ್ತೇನೆ.

ಎರಡು ಸಾವಿರದ ಹತ್ತರ ನಂತರದ ಕೆಲವು ವರ್ಷ ನಾನು ಡ್ಯಾಲಸ್ ಸುತ್ತಲಿನ ಒಂದು ಊರಿನಲ್ಲಿ, ಧಾರವಾಡದ ಕಡೆಯ ಒಬ್ಬರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರಿನ ಹೆಸರು ಬೇಡ. ಅವರ ಹೆಸರೂ ಬೇಡ, ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ನಮ್ಮವರಿಗೆಲ್ಲ ಅವರು ಟೆಸ್ಟ್ ಆಂಟಿ. ಓದಲು ಬಾರದ, ಮಾತನಾಡದ, ಕೂತಲ್ಲಿ ಕೂರದ ಮಕ್ಕಳನ್ನು ಶಾಲೆಯ ಟೀಚರುಗಳು ಅವರ ಬಳಿಗೆ ಕಳಿಸುತ್ತಿದ್ದರು. ಅವರು ಆ ಮಕ್ಕಳನ್ನು ಪರೀಕ್ಷಿಸಿ, ಯಾವ ಮಗು ಸ್ಪೆಷಲ್ ಎಜುಕೇಷನ್‌ಗೆ ಸೇರಬೇಕು ಎಂದು ಒಂದು ಕಮಿಟಿಯ ಮುಂದೆ ಹೇಳಬೇಕಿತ್ತು. ನಾನಾಗ ಸಾಫ್ಟ್‌ವೇರ್ ಟೆಸ್ಟರ್.

"ನೀನೂ ಟೆಸ್ಟ್ ಮಾಡತಿ, ನಾನೂ ಮಾಡತೀನಿ. ನಿನ್ನ ಸಾಫ್ಟ್‌ವೇರ್ ಅಳಂಗಿಲ್ಲ, ಅಷ್ಟ ಫರಕ್" ಎನ್ನುತ್ತಿದ್ದರು.

ನಮ್ಮವರಿಗೆ ಅವರಿಂದ ಬಹಳ ಉಪಯೋಗವಿತ್ತು. ಶನಿವಾರಗಳಲ್ಲಿ ಅವರ ಗಿರಮಿಟ್ ತಿನ್ನಲು ಬಂದವರು ಒಬ್ಬೊಬ್ಬರಾಗಿ ಅಡುಗೆಮನೆಗೆ ಹೋಗಿ, ತಮ್ಮ ಮಗುವನ್ನು ಜಾಣ ಮಕ್ಕಳ ಗಿಫ್ಟೆಡ್ ಕ್ಲಾಸಿಗೆ ಸೇರಿಸಲು ಏನು ಮಾಡಬೇಕೆಂದು ಕೇಳುತ್ತಿದ್ದರು. ಗಿಫ್ಟೆಡ್ ಎಂಬ ಮಾತು ಹಾಲಿನವರೆಗೂ ಕೇಳಿಸುತ್ತಿತ್ತು. ಸ್ಪೆಷಲ್ ಎಂಬ ಮಾತು ಬಂದಾಗ ಮಾತ್ರ ದನಿ ಇಳಿಯುತ್ತಿತ್ತು, ಮನೆಯಲ್ಲಿ ಯಾರಿಗೋ ಅಂಟುಜಾಡ್ಯ ಇದ್ದ ಹಾಗೆ.

ಹಾಗೆ ದನಿ ಇಳಿಸಿ ಬಂದವನು ಹಿಂದಿನ ಬೀದಿಯ ಒಬ್ಬ ತಂದೆ. ಮೈಸೂರಿನವನು, ಅಚ್ಚುಕಟ್ಟಿನ ಮನುಷ್ಯ. ಅವನ ಮಗ ಕಿಂಡರ್‌ಗಾರ್ಟನ್ ಸೇರಿ ತಿಂಗಳುಗಳಾದರೂ ಅಲ್ಲಿ ಬಾಯಿ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಮಗುವನ್ನು ನೋಡಿಕೊಂಡದ್ದು ವೀಸಾದ ಮೇಲೆ ಸರದಿಯಂತೆ ಬಂದು ಹೋಗುವ ಅಜ್ಜಿಯಂದಿರು. ಆರು ತಿಂಗಳು ಮೈಸೂರಿನ ಅಜ್ಜಿ, ಕನ್ನಡ. ಆರು ತಿಂಗಳು ಮಂಗಳೂರಿನ ಅಜ್ಜಿ, ತುಳು. ಶಾಲೆಗೆ ಸೇರಿಸುವಾಗ ಮನೆಮಾತು ಯಾವುದೆಂದು ಕೇಳಿದಲ್ಲಿ ತಂದೆ ಇಂಗ್ಲಿಷ್ ಎಂದು ಬರೆದಿದ್ದ. ನಮ್ಮವರೆಲ್ಲ ಹಾಗೇ ಬರೆಯುತ್ತಿದ್ದರು. ನಿಜ ಬರೆದರೆ ಇಂಗ್ಲಿಷ್ ಬಾರದವರ ಕ್ಲಾಸಿಗೆ ಹಾಕುತ್ತಾರೆ, ಅಲ್ಲಿ ಮೆಕ್ಸಿಕನ್ ಮಕ್ಕಳ ಜೊತೆ ಕೂರಿಸುತ್ತಾರೆ ಎಂಬ ಭಯ. ಹೀಗಾಗಿ ಶಾಲೆಯ ಲೆಕ್ಕದಲ್ಲಿ ಅವನು ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಬೆಳೆದು, ಆ ಇಂಗ್ಲಿಷನ್ನೂ ಆಡಲಾರದ ಹುಡುಗ. ಒಂದು ದಿನ ಕುರ್ಚಿಯನ್ನು ಬೇರೆ ತಳ್ಳಿದ. ಟೀಚರು ಪರೀಕ್ಷೆಗೆ ಕಳಿಸಿದರು.

ತಂದೆ ಅಡುಗೆಮನೆಯಲ್ಲಿ ನಿಂತು ಹೇಳಿದ್ದು ನನಗೆ ಮಹಡಿ ಮೆಟ್ಟಿಲ ಮೇಲೆ ಕೇಳಿಸಿತು. "ಆಂಟಿ, ಅವ್ನ ಫೈಲಲ್ಲಿ ಆ ವರ್ಡ್ ಬರ್ದೇ ಇರೋ ಹಾಗೆ ನೋಡ್ಕೊಳ್ಳಿ. ಒಂದ್ಸಲ ಬಂತು ಅಂದ್ರೆ ಮುಗೀತು."

ಇಂಗ್ಲಿಷಿನಲ್ಲಿ ನಡೆದ ಪರೀಕ್ಷೆಯಲ್ಲಿ ಹುಡುಗ ಏನನ್ನೂ ಮಾಡಲಿಲ್ಲ. ಅಂಕಗಳು ನೆಲ ಕಚ್ಚಿದವು. ನಿಯಮದ ಪ್ರಕಾರ ಕತೆ ಅಲ್ಲಿಗೆ ಮುಗಿಯಬಹುದಿತ್ತು. ಟೆಸ್ಟ್ ಆಂಟಿ ಇನ್ನೊಂದು ದಿನ ಅವನನ್ನು ನೆಲದ ಮೇಲೆ ಕೂರಿಸಿಕೊಂಡು, ಚಿತ್ರ ನೋಡಿ ಜೋಡಿಸುವ ಪರೀಕ್ಷೆಯ ಕೆಂಪು ಬಿಳಿ ಬ್ಲಾಕುಗಳನ್ನು ಸುರಿದು ಕನ್ನಡದಲ್ಲಿ ಮಾತಿಗೆಳೆದರು. ಅಜ್ಜಿಯ ಮೊಣಕಾಲು ನೋವಿನಿಂದ ಹಿಡಿದು ವಿಮಾನದ ಟಾಯ್ಲೆಟ್ಟಿನ ಸದ್ದಿನವರೆಗೆ ಅವನು ಹೇಳಿದ್ದೇ ಹೇಳಿದ್ದು. ಹೋಗುವಾಗ ಒಂದು ಬ್ಲಾಕನ್ನು ಮುಷ್ಟಿಯಿಂದ ಬಿಡಲಿಲ್ಲ. ಇವರೂ ಕೇಳಲಿಲ್ಲ. ಮನೆಮಾತು ತಪ್ಪಾಗಿ ಬರೆಯಲಾಗಿದೆ, ಮಗುವಿನಲ್ಲಿ ಯಾವ ತೊಂದರೆಯೂ ಇಲ್ಲ ಎಂದು ಕಮಿಟಿಯ ಮುಂದೆ ವಾದಿಸಿ ಗೆದ್ದು ಬಂದರು. ಆ ವಾರ ಅವನ ಮನೆಯಿಂದ ಒಂದು ಡಬ್ಬಿ ಮೈಸೂರು ಪಾಕ್ ಬಂತು.

ಅದೇ ಕ್ಲಾಸಿನಲ್ಲಿ ಕುರ್ಚಿ ತಳ್ಳಿದ ಹುಡುಗ ಇನ್ನೊಬ್ಬನೂ ಇದ್ದ. ಹೈವೇ ಆಚೆಯ ಅಪಾರ್ಟ್‌ಮೆಂಟುಗಳಿಂದ ಬರುತ್ತಿದ್ದ ಕಪ್ಪು ಹುಡುಗ, ಅವನನ್ನೂ ಬೆಳೆಸುತ್ತಿದ್ದವಳು ಅಜ್ಜಿಯೇ. ಆಂಟಿ ಅವನ ಹೆಸರನ್ನು ನನಗೆ ಎಂದೂ ಹೇಳಲಿಲ್ಲ, ಹೇಳುವಂತಿರಲಿಲ್ಲ. ಒಂದೇ ಟೀಚರು, ಒಂದೇ ಬಗೆಯ ಕುರ್ಚಿ. ಮೊದಲನೆಯವನ ಬಗ್ಗೆ ಟೀಚರು ಬರೆದದ್ದು ನಾಚಿಕೆ ಸ್ವಭಾವ, ಇನ್ನೂ ಹೊಂದಿಕೊಳ್ಳುತ್ತಿದ್ದಾನೆ ಎಂದು. ಎರಡನೆಯವನ ಬಗ್ಗೆ, ಮೈಮೇಲೆ ಬೀಳುವ ಸ್ವಭಾವ, ಮನಸ್ಸಿನ ತೊಂದರೆ ಇರಬಹುದು ಎಂದು. ಎರಡನೆಯವನಿಗೆ ನಡೆದದ್ದು ಒಂದೇ ಪರೀಕ್ಷೆ. ಕಾರಿಡಾರಿನ ಕೊನೆಯಲ್ಲಿ, ಬಾಗಿಲಿನ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿದ್ದ, ಸ್ಪೆಷಲ್ ಮಕ್ಕಳ ಒಂದು ಪ್ರತ್ಯೇಕ ಕೋಣೆ ಇತ್ತಂತೆ. ಅವನನ್ನು ಅಲ್ಲಿಗೆ ಕಳಿಸಿದರು. ಹಾಗೆ ಕಳಿಸುವ ದಾಖಲೆಗೂ ಸಹಿ ಹಾಕಿದವರು ಟೆಸ್ಟ್ ಆಂಟಿಯೇ.

ಇದನ್ನು ಅವರು ನನಗೆ ಹೇಳಿದ್ದು ಯಾವಾಗ... ಆ ವರ್ಷವೇ ಇರಬಹುದು, ಮುಂದಿನ ವರ್ಷವೂ ಇರಬಹುದು. ರೊಟ್ಟಿ ಬಡಿಯುತ್ತ ಹೇಳಿದರು ಎಂಬುದು ಗಟ್ಟಿ. "ನಮ್ಮ ಹುಡುಗಗ ಎರಡನೇ ಸಲ ಕೇಳಾಕ ನಾ ಇದ್ದೆ. ಅಂವಗ ಯಾರಿದ್ರು ಹೇಳು? ಅಲ್ಲೂ ನಾನ ಇದ್ದೆ."

ಆಮೇಲೆ ಅವರು ಆ ಕೋಣೆಯನ್ನು ನೋಡತೊಡಗಿದರು. ಅದೇ ಶಾಲೆಯ ಊಟದ ಹಾಲಿನಲ್ಲಿ ಎಲ್ಲ ಬಣ್ಣದ ಮಕ್ಕಳೂ ಇದ್ದರು. ಆ ಕೋಣೆಯಲ್ಲಿ ಬಹುತೇಕ ಒಂದೇ ಬಣ್ಣ. ವರ್ಷ ಕಳೆದರೂ ಒಳಗೆ ಹೋದವರು ಹೊರಗೆ ಬರುತ್ತಿರಲಿಲ್ಲ, ಬರುವ ಅಗತ್ಯ ಇದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಎಲ್ಲರನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು, ತಮ್ಮ ಪರೀಕ್ಷೆಗಳನ್ನೇ ಮೊದಲು ತೆಗೆದು ನೋಡಬೇಕು ಎಂದು ಅವರು ಮೇಲಿನವರಿಗೆ ಹೇಳುತ್ತ ಬಂದರು. ಪ್ರಿನ್ಸಿಪಾಲರು ಬದಲಾದರು, ಹೊಸಬರಿಗೂ ಆಂಟಿ ಮತ್ತೆ ಹೇಳಿದರು. ಕೊನೆಗೂ ಸ್ಕೂಲ್ ಬೋರ್ಡ್ ಆ ವಿಷಯವನ್ನು ಜನವರಿಯ ಸಭೆಗೆ ತೆಗೆದುಕೊಂಡಿತು. ಮಕ್ಕಳನ್ನು ಮರುಪರೀಕ್ಷೆ ಮಾಡಿ ಸಾಮಾನ್ಯ ಕ್ಲಾಸುಗಳಿಗೆ ಕಳಿಸುವುದೋ ಬೇಡವೋ. ಆ ಚರ್ಚೆಯಲ್ಲಿ ಮಾತನಾಡುವ ಅವಕಾಶ ಪಾಲಕರಿಗೆ ಮಾತ್ರ. ನೌಕರಿಯಲ್ಲಿದ್ದ ಆಂಟಿ ಬಾಯಿ ತೆರೆಯುವಂತಿರಲಿಲ್ಲ, ಮಕ್ಕಳಿಲ್ಲದ ನಾನೂ.

ಆ ಸಂಕ್ರಾಂತಿಗೆ ಅವರು ತಾವೇ ಕೂತು ಕುಸುರೆಳ್ಳು ಮಾಡಿದರು. ಸಣ್ಣ ಉರಿಯಲ್ಲಿ ಬಾಣಲೆಯ ಎಳ್ಳಿಗೆ ಚಮಚದಿಂದ ಸಕ್ಕರೆ ಪಾಕ ಬಿಡುತ್ತ, ಮುಳ್ಳು ಮುಳ್ಳಾಗುವವರೆಗೆ ಬರಿಗೈಯಲ್ಲಿ ಆಡಿಸುತ್ತ. ಬೆರಳುಗಳು ಕೆಂಪಾಗಿದ್ದವು. ಅದನ್ನು ಹಿಡಿದುಕೊಂಡು ಮನೆಮನೆಗೆ ಹೋದರು, ಡ್ರೈವ್ ಮಾಡಿದವಳು ನಾನು. ಒಂದೊಂದು ಮನೆಯಲ್ಲೂ ಕುಸುರೆಳ್ಳು ಕೈಗಿಟ್ಟ ಮೇಲೆ ಸಭೆಯ ವಿಷಯ ತೆಗೆಯುತ್ತಿದ್ದರು. ಹಬ್ಬದ ದಿನ ಹಿರಿಯರಿಂದ ಎಳ್ಳು ಇಸಿದುಕೊಂಡ ಕೈಯಲ್ಲಿ ನಮ್ಮವರು ಇಲ್ಲ ಎನ್ನುವುದಿಲ್ಲ. ಎಲ್ಲರೂ ಬರ್ತೀವಿ ಆಂಟಿ ಎಂದರು. ಮೈಸೂರಿನ ತಂದೆ ಖಂಡಿತ ಬರ್ತೀವಿ ಎಂದ. ಯಾವ ಕಡೆ ನಿಂತು ಮಾತನಾಡುತ್ತೀರಿ ಎಂದು ಅವರು ಯಾರನ್ನೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೆಂದು ಅವರಿಗೆ ತೋಚಲೇ ಇಲ್ಲ.

ಬಂದರು. ಅದೇ ಅದರ ವಿಷ. ಬಾರದೇ ಇದ್ದಿದ್ದರೆ ನಮ್ಮವರೇ ಹೀಗೆ, ಮಾತು ಒಂದು, ಕೆಲಸ ಒಂದು ಎಂದು ಬೈದುಕೊಂಡು ಸುಮ್ಮನಾಗಬಹುದಿತ್ತು. ಕಾರ್‌ಪೂಲ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಎರಡು ಸಾಲು ತುಂಬ ಬಂದು ಕೂತರು. ಆಂಟಿ ನನ್ನ ಮೊಣಕೈ ಹಿಂಡಿದರು. "ನೋಡ, ನಮ್ಮ ಮಂದಿ ಬಂದಾರ."

ಮೊದಲು ಮಾತನಾಡಿದವಳು ಆ ಎರಡನೆಯ ಹುಡುಗನ ಅಜ್ಜಿ. ಏರ್‌ಪೋರ್ಟಿನ ಕ್ಯಾಂಟೀನಿನಲ್ಲಿ ಕೆಲಸವಂತೆ, ಎದೆಯ ಮೇಲಿನ ಬಿಲ್ಲೆಯನ್ನೂ ತೆಗೆಯದೆ ಶಿಫ್ಟಿನಿಂದ ನೇರ ಬಂದಿದ್ದಳು. ಮನೆಯಲ್ಲಿ ಅವನು ನನಗೆ ಗಟ್ಟಿಯಾಗಿ ಪುಸ್ತಕ ಓದಿ ಹೇಳುತ್ತಾನೆ, ಒಮ್ಮೆ ನಿಮ್ಮವರು ಬಂದು ಕೇಳಿ ಎಂದಷ್ಟೇ ಹೇಳಿದಳು. ಇನ್ನೂ ಏನೋ ಹೇಳುತ್ತಿದ್ದಳು, ಸಮಯ ಮುಗಿದ ಕೆಂಪು ದೀಪ ಹತ್ತಿತು.

ಆಮೇಲೆ ಮೈಸೂರಿನ ತಂದೆ ಎದ್ದ. ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡಿದ. ಒಳ್ಳೆಯ ಇಂಗ್ಲಿಷು, ತಣ್ಣನೆಯ ದನಿ. ನಾವೆಲ್ಲ ಈ ಶಾಲೆಯನ್ನು ನೋಡಿ ಇಲ್ಲಿ ಮನೆ ಮಾಡಿದವರು, ಆ ಮಕ್ಕಳ ಬಗ್ಗೆ ಸಹಾನುಭೂತಿ ಇದೆ, ಆದರೆ ಉಳಿದ ಮಕ್ಕಳ ಕಲಿಕೆ ಮುಖ್ಯ ಎಂದ. ಇಷ್ಟನ್ನು ಯಾರು ಬೇಕಾದರೂ ಹೇಳಬಹುದಿತ್ತು. ಆಮೇಲೆ ಹೇಳಿದ್ದನ್ನು ಅವನೊಬ್ಬನೇ ಹೇಳಬಹುದಿತ್ತು. ನನ್ನ ಮಗನನ್ನೂ ಇದೇ ಪರೀಕ್ಷೆಗೆ ಕಳಿಸಿದ್ದರು. ಅವನಲ್ಲಿ ಏನೂ ತೊಂದರೆ ಇಲ್ಲ ಎಂದು ಟೆಸ್ಟ್ ಸರಿಯಾಗಿಯೇ ಹೇಳಿತು. ಹಾಗಿದ್ದ ಮೇಲೆ ಆ ಮಕ್ಕಳ ವಿಷಯದಲ್ಲೂ ಅದು ಸರಿಯಾಗಿಯೇ ಹೇಳಿರಬೇಕು, ಮತ್ತೆ ಯಾಕೆ ಕೆದಕಬೇಕು ಎಂದ. ಎರಡು ಸಾಲಿನಲ್ಲೂ ಚಪ್ಪಾಳೆ ಬಿತ್ತು.

ಬೋರ್ಡಿನವರು ವಿಷಯವನ್ನು ಕೈಬಿಟ್ಟರು. ಕೋಣೆ ಹಾಗೇ ಉಳಿಯಿತು.

ಪಾರ್ಕಿಂಗ್ ಲಾಟಿನಲ್ಲಿ ಆ ಅಜ್ಜಿ ನಮ್ಮ ಕಾರಿನ ಹತ್ತಿರ ಬಂದು, ಅವರು ನಿನ್ನ ಜನವೇ ಎಂದು ಆಂಟಿಯನ್ನು ಕೇಳಿದಳು. ಸಿಟ್ಟಿನಿಂದ ಕೇಳಿದಂತಿರಲಿಲ್ಲ. ಆಂಟಿ ಹೌದು ಎಂದರು. ಇಲ್ಲ, ಏನೂ ಹೇಳದೆ ಕೈಚೀಲದಲ್ಲಿ ಉಳಿದಿದ್ದ ಕುಸುರೆಳ್ಳಿನ ಪೊಟ್ಟಣವನ್ನು ಅವಳ ಕೈಗಿಟ್ಟರು... ಎರಡೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಎರಡನೆಯದು ಚೆನ್ನಾಗಿದೆ, ಬರೆಯುವವರಿಗೆ ಒಪ್ಪುವಂತಿದೆ. ಅದಕ್ಕೇ ಅದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಹೌದು ಎಂದರು, ಅಷ್ಟೇ ಇರಬೇಕು.

ಮುಂದಿನ ವರ್ಷ ಶಾಲೆಯವರು ಅವರ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಅವರು ಹ್ಯೂಸ್ಟನ್ನಿನ ತಂಗಿಯ ಮನೆಗೆ ಶಿಫ್ಟ್ ಆದರು. ಒಮ್ಮೆ ನೋಡಲು ಹೋದೆ. ಹಿಲ್‌ಕ್ರಾಫ್ಟ್ ರಸ್ತೆಯ ಒಂದು ಹೋಟೆಲಿನಲ್ಲಿ ಕೂತಿದ್ದೆವು, ಸುತ್ತ ಸೀರೆ ಅಂಗಡಿಗಳ ದೀಪ. ಅವರ ತೂಕ ಇಳಿದಿತ್ತು. ಆ ತಂದೆಯನ್ನು ನಾನು ಬೈಯತೊಡಗಿದೆ. ಅವರು ದೋಸೆ ಮುರಿಯುತ್ತ ತಡೆದರು.

"ಅಂವಾ ಸುಳ್ಳ ಹೇಳಲಿಲ್ಲ ಬಿಡ. ನನ್ನ ಟೆಸ್ಟನ್ನ ನನ್ನ ಮ್ಯಾಲೆ ತಿರುಗಿಸಿದ, ಅಷ್ಟ."

ಆ ಇನ್ನೊಬ್ಬ ಹುಡುಗನ ಅಜ್ಜಿಗೆ ಆಗಾಗ ಫೋನ್ ಮಾಡುತ್ತೇನೆ ಎಂದರು. ಏನು ಮಾತಾಡುತ್ತಾರೆ, ಹುಡುಗ ಏನಾದ ಎಂದು ನಾನು ಕೇಳಿದೆನೋ ಇಲ್ಲವೋ... ಕೇಳಿದ್ದರೆ ಉತ್ತರ ನೆನಪಿರಬೇಕಿತ್ತು.

ದಶಕ ಮುಗಿಯುವ ಹೊತ್ತಿಗೆ ಆಂಟಿ ತೀರಿಹೋದ ಸುದ್ದಿ ನಮ್ಮ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಓಂ ಶಾಂತಿ, ಮುಗಿದ ಕೈಗಳು, ಮತ್ತೆ ಓಂ ಶಾಂತಿ. ಮೈಸೂರಿನ ತಂದೆ ಒಂದು ಸಾಲು ಹೆಚ್ಚಿಗೆ ಬರೆದಿದ್ದ. ಆಂಟಿಯ ಗಿರಮಿಟ್ ಮರೆಯಲಾಗದು ಎಂದು.

ಈಗ ಕಾಪೆಲ್‌ನ ಹಾಲಿನಲ್ಲಿ, ಆ ಮೇಜಿನ ಮುಂದೆ ಅವನ ಮಗ ನನ್ನ ಪಕ್ಕ ನಿಂತಿದ್ದ. ನನಗಿಂತ ಎತ್ತರ. ಆಗಸ್ಟಿನಲ್ಲಿ ಆಸ್ಟಿನ್‌ಗೆ ಕಾಲೇಜಿಗೆ ಹೋಗುತ್ತಾನೆ. ನಾನು ಬ್ಲಾಕನ್ನು ಕೈಗೆತ್ತಿಕೊಂಡದ್ದು ನೋಡಿ, ಇದೇನೆಂದು ನಿಮಗೆ ಗೊತ್ತಾ ಆಂಟಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಿನ್ನನ್ನು ಟೆಸ್ಟ್ ಮಾಡಿದ ಒಬ್ಬರದು ಎಂದೆ. ತನಗೆ ಅಂಥ ಟೆಸ್ಟ್ ಆಗಿಯೇ ಇಲ್ಲ, ಅಪ್ಪ ಹಾಗೆಂದು ಹೇಳಿದ್ದಾರೆ ಎಂದ. ಆಮೇಲೆ ಬ್ಲಾಕನ್ನು ಇಸಿದುಕೊಂಡು ತಿರುಗಿಸಿ ನೋಡಿದ. ನೆಲದ ಮೇಲೆ ಕೂತಿದ್ದ ಒಬ್ಬ ಅಜ್ಜಿ ನೆನಪಿದೆ ಎಂದ. ಕ್ಲಾಸಿನಲ್ಲಿ ತಾನೂ ಇನ್ನೊಬ್ಬ ಹುಡುಗನೂ ಕುರ್ಚಿಗಳನ್ನು ರೈಲಿನ ಹಾಗೆ ತಳ್ಳುತ್ತಿದ್ದದ್ದು ನೆನಪಿದೆ, ತನ್ನ ಮೊದಲ ಫ್ರೆಂಡ್ ಅವನು ಎಂದ. ಹೆಸರನ್ನೂ ಹೇಳಿದ. ಆಂಟಿ ಕೊನೆಯವರೆಗೆ ನನಗೆ ಹೇಳದಿದ್ದ ಹೆಸರು.

"ಹಿ ಜಸ್ಟ್ ಸ್ಟಾಪ್ಡ್ ಕಮಿಂಗ್ ಟು ಕ್ಲಾಸ್. ಅವನೆಲ್ಲಿದ್ದಾನೆ ಈಗ, ಡು ಯು ನೋ?"

ಗೊತ್ತಿದ್ದವರು ಒಬ್ಬರಿದ್ದರು, ಅವನ ಆ ನೆಲದ ಮೇಲಿನ ಅಜ್ಜಿಯೇ. ಅಷ್ಟನ್ನಾದರೂ ಹೇಳೋಣವೆಂದು ಬಾಯಿ ತೆರೆದೆ. ಹಾಲಿನ ಆ ತುದಿಯಲ್ಲಿ, ಎಲ್ಲರಿಗೂ ಥ್ಯಾಂಕ್ಸ್ ಹೇಳಲು ಎದ್ದು ನಿಂತ ಅವನ ತಂದೆ ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡಿದ.