ನೂರು ವರ್ಷದ ಅಂಗಡಿಗಳು ಮತ್ತು ಮಾವನ ಗಲ್ಲೆ

೨೦೦೭ನೆಯ ಇಸವಿಯಲ್ಲಿ ನನಗೆ ನಲವತ್ತಮೂರು ವರ್ಷ. ಮುಂಬಯಿ ಬಳಿಯ ಕಲ್ಯಾಣದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುತ್ತಿದ್ದ ನಾನು, ಮಕ್ಕಳಿಲ್ಲದೆ ತರಗತಿಗಳು ಒಂದೊಂದಾಗಿ ಮುಚ್ಚಿದ ಮೇಲೆ, ಅಂಬರನಾಥದ ಕಾರ್ಖಾನೆಯೊಂದರ ಕಚೇರಿಯನ್ನು ಸೇರಿದ್ದೆ. ಶಾಲೆಯ ಹುಡುಗರು ಬೆನ್ನ ಹಿಂದೆ ನನ್ನನ್ನು ‘ಪೂರ್ಣವಿರಾಮ’ ಎಂದು ಕರೆಯುತ್ತಿದ್ದರೆಂಬುದು ತಿಳಿದದ್ದು ಆಮೇಲೆ. ಬೇಸರವಾಗಲಿಲ್ಲ, ನಾನು ಕಲಿಸಿದ್ದರಲ್ಲಿ ಆ ಒಂದು ಪದವಾದರೂ ಅವರ ನೆನಪಿನಲ್ಲಿ ಉಳಿದಿತ್ತಲ್ಲ.

ಆ ಕಾರ್ಖಾನೆ ಜಪಾನಿನ ಕಂಪೆನಿಯೊಂದಕ್ಕೆ ವಾಹನಗಳ ರಬ್ಬರ್ ಬಿಡಿಭಾಗಗಳನ್ನು ಒದಗಿಸುತ್ತಿತ್ತು. ತಪಾಸಣೆಗೆಂದು ಅಲ್ಲಿಂದ ಬರುತ್ತಿದ್ದ ಹಿರಿಯರೊಬ್ಬರ ಜೊತೆ ದುಭಾಷಿಯೂ ಇರುತ್ತಿದ್ದ. ಒಮ್ಮೆ ಊಟದ ಬಿಡುವಿನಲ್ಲಿ ಅವನು, ಜಪಾನಿ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆಂದೂ ನಾಮಪದದ ನಂತರ ವಿಭಕ್ತಿಯಂಥ ಪ್ರತ್ಯಯಗಳು ಅಂಟಿಕೊಳ್ಳುತ್ತವೆಂದೂ ಹೇಳಿದ. ಅಷ್ಟು ದೂರದ ಸಮುದ್ರದ ನಡುವೆ ನನ್ನಂತೆಯೇ ವಾಕ್ಯ ಕಟ್ಟುವ ಜನರಿದ್ದಾರೆಂದು ಕೇಳಿದ ಆ ಮಧ್ಯಾಹ್ನವೇ ನನಗೆ ಜಪಾನಿನ ಹುಚ್ಚು ಹಿಡಿಯಿತು.

ಅದು ಭಾಷೆಯಲ್ಲಿ ನಿಲ್ಲಲಿಲ್ಲ. ಅವರ ಅಂಗಡಿಗಳು, ಹೊಟೇಲುಗಳು, ಗಿರಾಕಿಯನ್ನು ಬರಮಾಡಿಕೊಳ್ಳುವ ರೀತಿ, ಪೊಟ್ಟಣ ಕಟ್ಟುವ ರೀತಿ, ಎಲ್ಲದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ವಾಶಿಯ ಮಾಲ್ ಒಂದರಲ್ಲಿ ಜಪಾನಿನ ಸಾಮಾನುಗಳನ್ನು ಮಾರುವ ಮಳಿಗೆಯಿತ್ತು. ರಜಾದಿನಗಳಲ್ಲಿ ಡೊಂಬಿವಲಿಯಿಂದ ಠಾಣೆಗೆ ಬಂದು, ಗಾಡಿ ಬದಲಿಸಿ, ಅಲ್ಲಿಗೆ ಹೋಗುತ್ತಿದ್ದೆ. ಅನ್ನವನ್ನು ಮುಕ್ಕೋನವಾಗಿ ಒತ್ತುವ ಅಚ್ಚನ್ನು ತಂದಾಗ ಹೆಂಡತಿ ಅದನ್ನು ತಿರುಗಿಸಿ ನೋಡಿ ಕೇಳಿದಳು: “ಇದರಲ್ಲಿ ಒತ್ತಿದ್ರೆ ಕುಚ್ಚಲಕ್ಕಿ ಅನ್ನ ಬಾಸುಮತಿ ಆಗ್ತದಾ?”

ಮನೆಯಲ್ಲಿ ಯಾರೂ ಕೇಳದ ಜಪಾನನ್ನು ಕೇಳುತ್ತಿದ್ದವರು ಒಬ್ಬರೇ, ನನ್ನ ಸೋದರಮಾವ. ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ಅವರದೊಂದು ಚಿಕ್ಕ ಉಡುಪಿ ಹೊಟೇಲು. ಕುಂದಾಪುರದ ಕಡೆಯಿಂದ ಹದಿಹರೆಯದಲ್ಲಿ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ, ಕೊನೆಗೆ ಸ್ವಂತ ಗಲ್ಲೆಯಲ್ಲಿ, ಅಂದರೆ ಬಾಗಿಲ ಬಳಿಯ ಹಣದ ಮೇಜಿನ ಹಿಂದೆ, ಕುಳಿತವರು ಅವರು. ಒಬ್ಬಳೇ ಮಗಳು ಪುಣೆಯಲ್ಲಿ ದಂತವೈದ್ಯೆ. ಭಾನುವಾರದ ಸಂಜೆಗಳಲ್ಲಿ ನಾನು ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕುಳಿತು ಹೇಳುತ್ತಿದ್ದೆ. ಅವರು ಚಿಲ್ಲರೆ ಕೊಡುತ್ತಲೇ ಕೇಳುತ್ತಿದ್ದರು.

ಅವರಿಗೆ ಬಹಳ ಹಿಡಿಸಿದ್ದು ಹಳೆಯ ಅಂಗಡಿಗಳ ವಿಷಯ. ಜಪಾನಿನಲ್ಲಿ ನೂರು, ಇನ್ನೂರು ವರ್ಷಗಳಿಂದ ಒಂದೇ ಹೆಸರಿನಲ್ಲಿ ನಡೆಯುತ್ತಿರುವ ಮಿಠಾಯಿ ಅಂಗಡಿಗಳಿವೆ, ವಸತಿಗೃಹಗಳಿವೆ. ಯಜಮಾನನಿಗೆ ತಕ್ಕ ಮಗನಿಲ್ಲದಿದ್ದರೆ ಅವನು ಯೋಗ್ಯನಾದ ಇನ್ನೊಬ್ಬ ಗಂಡಸನ್ನು, ಪ್ರಾಯಕ್ಕೆ ಬಂದವನನ್ನೇ, ದತ್ತು ತೆಗೆದುಕೊಂಡು ತನ್ನ ಪೀಠದಲ್ಲಿ ಕೂರಿಸುತ್ತಾನೆ. ಅಂಗಡಿ ಉಳಿಯುವುದು ಮುಖ್ಯ, ರಕ್ತವಲ್ಲ.

“ಪ್ರಾಯದವರನ್ನೇ?” ಮಾವ ಪ್ರತಿ ಸಲವೂ ಕೇಳುತ್ತಿದ್ದರು.

“ಹೌದು ಮಾವ. ಮದುವೆಯಾದವರನ್ನೂ.”

“ಹೊಟೇಲು ಕೆಲಸ ಗೊತ್ತಿಲ್ಲದವರನ್ನೂ?”

“ಕಲಿಯುವ ಶಿಸ್ತಿದ್ದರೆ ಸಾಕಂತೆ.”

“ಒಳ್ಳೇದು ಮಾರಾಯ, ಒಳ್ಳೇದು,” ಎಂದು ಅವರು ಗೋಡೆಯ ದೇವರ ಪಟದ ಕಡೆ ನೋಡುತ್ತಿದ್ದರು. ಒಳ್ಳೆಯ ಶ್ರೋತೃ ಸಿಕ್ಕಿದರೆಂಬ ಸಂತೋಷದಲ್ಲಿ ನಾನು ಮುಂದಿನ ಭಾನುವಾರಕ್ಕೆ ಇನ್ನೊಂದು ಅಂಗಡಿಯ ವೃತ್ತಾಂತವನ್ನು ಸಿದ್ಧಪಡಿಸುತ್ತಿದ್ದೆ.

೨೦೧೧ರಲ್ಲಿ ಮಾವನ ಮಂಡಿಗಳು ಸೋತವು. ಮೊಬೈಲ್ ಫೋನ್ ಮಾರುವ ವ್ಯಾಪಾರಿಯೊಬ್ಬರು ಜಾಗ ಕೇಳಿಕೊಂಡು ಬಂದರು. ಮಗಳು ಪುಣೆಯಿಂದ ಬಂದಳು, ನನ್ನನ್ನೂ ಮನೆಗೆ ಕರೆಸಿದರು. ಕೊಟ್ಟುಬಿಡುವುದೇ ಸರಿಯೆಂದು ಅವಳು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ವಿವರಿಸಿದಳು. ಆಮೇಲೆ ಮಾವ ವ್ಯಾಪಾರಿಯ ಮುಂದೆಯೇ ಹೇಳಿದರು:

“ಕೊಡುವ ಪ್ರಶ್ನೆಯೇ ಇಲ್ಲ. ನನ್ನ ಅಕ್ಕನ ಮಗ ಕೂತ್ಕೊಳ್ತಾನೆ. ನಾಲ್ಕು ವರ್ಷದಿಂದ ಕೇಳ್ತಾ ಇದ್ದಾನೆ, ಪಾಪ.”

“ನಾನು ಕೇಳಿದೆನೆ?” ಎಂದೆ.

“ನೀನು ಬಾಯಿಬಿಟ್ಟು ಕೇಳಲಿಲ್ಲ. ಕೇಳ್ಬಾರದು ಕೂಡ. ಜಪಾನು ಜಪಾನು ಅಂತ ಹೇಳಿದ್ರೆ ನಂಗೆ ತಿಳಿಯೂದಿಲ್ವಾ? ನಾನೇನು ದಡ್ಡನಾ?” ಎಂದು ನಕ್ಕರು.

ಆಗ ನನಗೆ ಎಲ್ಲವೂ ಹೊಳೆಯಿತು. ನಮ್ಮಲ್ಲಿ ಹಿಂದೆ ಮನೆಯ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ಮಾವನ ತಲೆಮಾರಿನ ಮನಸ್ಸಿನಿಂದ ಅದು ಹೋಗಿರಲಿಲ್ಲ. ಮರ್ಯಾದೆಯುಳ್ಳ ಅಳಿಯನು ಮಾವನ ಪೀಠವನ್ನು ನೇರವಾಗಿ ಕೇಳುವುದಿಲ್ಲ. ಬೇರೆ ಯಾರದೋ ಮನೆಯ ಸಂಗತಿಯನ್ನು ಎತ್ತಿ, ಅಲ್ಲಿ ಹೀಗಾಯಿತಂತೆ, ಒಳ್ಳೆಯದಾಯಿತಂತೆ ಎಂದು ಹೇಳಿ ಸುಮ್ಮನಾಗುತ್ತಾನೆ. ನಾನು ನಾಲ್ಕು ವರ್ಷ ಮಾಡಿದ್ದು ಅಕ್ಷರಶಃ ಅದನ್ನೇ. ಉಳಿದವರು ಹತ್ತಿರದ ಮನೆಯನ್ನು ಹೆಸರಿಸುತ್ತಾರೆ; ನಾನು ಜಪಾನನ್ನು ಹೆಸರಿಸಿದ್ದೆ.

ಅಲ್ಲವೆಂದು ಹೇಳಲು ಹೊರಟೆ. ಮಾವನ ಕಣ್ಣು ಒದ್ದೆಯಾಗಿತ್ತು. ವ್ಯಾಪಾರಿ ಎದ್ದು ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಅತ್ತೆ ಒಳಗಿನಿಂದ ನನಗೆಂದೇ ಬೆಳ್ಳಿಯ ಲೋಟದಲ್ಲಿ ಕಾಫಿ ತಂದಿಟ್ಟರು. ನಾನು ಕಾಫಿ ಕುಡಿದೆ.

ಮಾವ ಆ ವಾರದೊಳಗೆ ನೆಂಟರಿಗೆಲ್ಲ ಫೋನು ಮಾಡಿ ತಿಳಿಸಿದ್ದರು. ಕಾರ್ಖಾನೆಗೆ ನಾನು ರಾಜೀನಾಮೆ ಬರೆದುಕೊಟ್ಟೆ. ಅದರಲ್ಲಿ ಒಂದೂ ದೋಷವಿರಲಿಲ್ಲ.

ಗಲ್ಲೆಯಲ್ಲಿ ಕುಳಿತ ಮೊದಲ ತಿಂಗಳು, ಓದಿದ್ದನ್ನು ಆಚರಣೆಗೆ ತರುವುದೇ ನನಗೆ ಉಳಿದಿರುವ ದಾರಿಯೆಂದುಕೊಂಡೆ. ಗಿರಾಕಿ ಒಳಗೆ ಬಂದೊಡನೆ ಎಲ್ಲ ಸಪ್ಲಾಯರುಗಳೂ ಒಟ್ಟಿಗೆ ತಲೆಬಾಗಿ “ಬನ್ನಿ, ಸ್ವಾಗತ” ಎನ್ನಬೇಕೆಂದು ಗೊತ್ತುಮಾಡಿದೆ. ಕಲ್ಯಾಣದ ಜನ ಕರ್ಜತ್ ಗಾಡಿ ತಪ್ಪುವುದರೊಳಗೆ ಚಹಾ ಕುಡಿದು ಓಡುವವರು. ಮೊದಲ ದಿನ ಬ್ಯಾಗು ಹಿಡಿದ ಒಬ್ಬರು ಬಾಗಿಲಲ್ಲೇ ಹಿಂದೆ ತಿರುಗಿ, ತಮ್ಮ ಬೆನ್ನ ಹಿಂದೆ ಯಾವ ಮಂತ್ರಿ ಬಂದರೆಂದು ನೋಡಿದರು. “ಕಾಕಾ, ಹೇ ಕಾಯ್ ಚಾಲ್ಲಂಯ್? ದೋನ್ ವಡಾ ಪಾರ್ಸಲ್ ದ್ಯಾ, ಲವಕರ್!” ಇದೇನು ನಡೆದಿದೆ, ಎರಡು ವಡೆ ಬೇಗ ಕಟ್ಟಿಕೊಡಿ ಎಂದು ಇನ್ನೊಬ್ಬರು ಮರಾಠಿಯಲ್ಲಿ ಗದರಿದರು.

ಕಲಬುರಗಿಯ ಕಡೆಯ ಹಿರಿಯ ಸಪ್ಲಾಯರು ಸಂಜೆ ನನ್ನೆದುರು ಬಂದು ನಿಂತ. “ಸಾಹೇಬ್ರ, ಬರೋರಿಗೆಲ್ಲಾ ಹಿಂಗ ಬಾಗಿ ಬಾಗಿ ಸೊಂಟ ಹಿಡದೈತ್ರಿ. ಸ್ವಾಗತ ಮಾಡೋದೋ, ಚಹಾ ಒಯ್ಯೋದೋ? ಒಂದ್ ಹೇಳ್ರಿ.”

“ಚಹಾ,” ಎಂದೆ.

ಆದರೆ ಸ್ವಾಗತವನ್ನು ನಿಲ್ಲಿಸಿದರೂ ಗಲ್ಲೆ ನನ್ನ ಕೈಗೆ ಬರಲಿಲ್ಲ. ಬೆನ್ನು ತಿರುಗಿಸಿ ಕುಳಿತಿದ್ದರೂ ಮಾವನಿಗೆ ಯಾವ ಮೇಜಿನವರು ಎದ್ದರೆಂದು ಗೊತ್ತಾಗುತ್ತಿತ್ತು. ನನಗೆ ಎದುರಿಗೆ ನಿಂತವರು ಏನು ತಿಂದರೆಂದೂ ಗೊತ್ತಾಗುತ್ತಿರಲಿಲ್ಲ. ಅಡುಗೆಯ ಭಟ್ಟರನ್ನು ಗದರಬೇಕಾದಲ್ಲಿ ಬಹುವಚನದಲ್ಲಿ ವಿನಂತಿಸುತ್ತಿದ್ದೆ, ವಿನಂತಿಸಬೇಕಾದಲ್ಲಿ ನಿಯಮ ಹೇಳುತ್ತಿದ್ದೆ. ಒಂದು ವರ್ಷ ಸಹಿಸಿಕೊಂಡ ಭಟ್ಟರು ನವೀ ಮುಂಬಯಿಯ ಮಾಲ್ ಒಂದರ ಅಡುಗೆಮನೆಗೆ ಹೊರಟುಹೋದರು. ಬದಲಿಗೆ ಬಂದವನ ಸಾಂಬಾರು ಒಂದು ದಿನದಂತೆ ಇನ್ನೊಂದು ದಿನ ಇರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಮಾವ ಮೂಲೆಯ ಮೇಜಿನಲ್ಲಿ ಕುಳಿತು ನೋಡುತ್ತಿದ್ದರು. ನಾನು ಬಯಸುತ್ತಿದ್ದದ್ದು ಅವರ ಒಂದು ಬೈಗುಳವನ್ನು. ಪೀಠ ಬಿಟ್ಟುಕೊಟ್ಟವನು ಕೂತವನ ಕೆಲಸದಲ್ಲಿ ಬಾಯಿಹಾಕಬಾರದೆಂಬುದು ಅವರ ಕ್ರಮ; ಆದ್ದರಿಂದ ಅವರು ಒಂದು ಮಾತನ್ನೂ ಆಡಲಿಲ್ಲ. ಖಾಲಿ ಮೇಜುಗಳು ಹೆಚ್ಚಿದಂತೆ ಅವರ ಮುಖದ ನಗೆಯೂ ಹೆಚ್ಚು ಮೃದುವಾಗುತ್ತಿತ್ತು. ಅದನ್ನು ನೋಡದಿರಲು ನಾನು ನೋಟುಗಳನ್ನು ಮತ್ತೆ ಮತ್ತೆ ಜೋಡಿಸುತ್ತಿದ್ದೆ.

“ಹೇಳಿಬಿಡಿ,” ಎಂದಳು ಹೆಂಡತಿ. “ಒಂದು ವಾಕ್ಯ. ಮಕ್ಕಳಿಗೆ ಅಷ್ಟು ಕಲಿಸಿದ್ರಿ.”

ಮರುದಿನ ಮಾವನ ಮೇಜಿಗೆ ಹೋಗಿ ಆರಂಭಿಸಿದೆ. “ಮಾವ, ನಿಮ್ಮ ಹೊಟೇಲನ್ನು ನಡೆಸಲು ನಾನು...” ಕನ್ನಡದಲ್ಲಿ ನಿಷೇಧ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಕೇಳುವವನಿಗೆ ಆಸೆಯಿರುತ್ತದೆ.

“ಬಂದೆ ಅಲ್ವಾ? ಅದೇ ಸಾಕು ಮಾರಾಯ. ಬೋರ್ಡು ಉಳೀತು,” ಎಂದು ಅವರೇ ವಾಕ್ಯ ಮುಗಿಸಿಬಿಟ್ಟರು.

ಹೀಗೆ ಇನ್ನೂ ಕೆಲವು ತಿಂಗಳು ಕಳೆದವು. ೨೦೧೩ರ ಮೇ ತಿಂಗಳ ಒಂದು ಬೆಳಿಗ್ಗೆ ಮಾವ ಎಂದಿನಂತೆ ಇಡ್ಲಿ ತರಿಸಿಕೊಂಡರು. ಒಂದು ತುತ್ತನ್ನು ಸಾಂಬಾರಿನಲ್ಲಿ ಅದ್ದಿ ಬಾಯಿಗಿಟ್ಟು, ಬಹಳ ಹೊತ್ತು ನುಂಗದೆ ಕುಳಿತರು. ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಕರೆದರು. ಹೊಟೇಲಿನಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಹಿಂದೆಲ್ಲ ಆ ಸಮಯದಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ.

“ಒಂದು ಕೇಳ್ತೇನೆ. ಜಪಾನಿನಲ್ಲಿ, ಆರಿಸಿ ಕೂರಿಸಿದ ಜನದಿಂದ ಅಂಗಡಿ ನಡೀಲಿಲ್ಲ ಅಂತಾದ್ರೆ ಎಂತ ಮಾಡ್ತಾರೆ?”

ನಾನು ಯೋಚಿಸಿದೆ. ನಾನು ಓದಿದ್ದೆಲ್ಲ ಉಳಿದ ಅಂಗಡಿಗಳ ವಿಷಯ. ಮುಚ್ಚಿದ ಅಂಗಡಿಗಳ ಬಗ್ಗೆ ಯಾರೂ ಬರೆದಿರಲಿಲ್ಲ, ಅಥವಾ ನಾನು ಹುಡುಕಿರಲಿಲ್ಲ.

“ಗೊತ್ತಿಲ್ಲ ಮಾವ.”

“ಗೊತ್ತಿಲ್ವಾ?” ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ಅಷ್ಟು ವರ್ಷಗಳಲ್ಲಿ ಜಪಾನಿನ ಬಗ್ಗೆ ನನ್ನ ಬಾಯಿಂದ ಅವರು ಆ ಮಾತನ್ನು ಕೇಳಿದ್ದು ಅದೇ ಮೊದಲು. “ಹಾಗಾದ್ರೆ ನಾವೇ ಎಂತಾದ್ರೂ ಮಾಡ್ಬೇಕು,” ಎಂದು ಮೇಜಿಗೆ ಕೈಯೂರಿ ಎದ್ದು, ಮಗಳಿಗೆ ಫೋನು ಮಾಡಿದರು. ಮೊಬೈಲ್ ವ್ಯಾಪಾರಿ ಇನ್ನೂ ಸಿದ್ಧರಿದ್ದರು.

ನೋಂದಣಿ ಕಚೇರಿಯಲ್ಲಿ ಮಾವನ ವಯಸ್ಸು ನೋಡಿ ಗುಮಾಸ್ತ ಹೆಬ್ಬೆಟ್ಟು ಒತ್ತಲು ಹೇಳಿದ್ದಕ್ಕೆ ಅವರು ಒಪ್ಪದೆ, ನಿಧಾನವಾಗಿ ಕನ್ನಡದಲ್ಲಿಯೇ ಸಹಿ ಮಾಡಿದರು. ಸಾಕ್ಷಿಯ ಸ್ಥಳದಲ್ಲಿ ಯಾರು ಎಂದು ಗುಮಾಸ್ತ ಕೇಳಿದಾಗ, “ನನ್ನ ಅಕ್ಕನ ಮಗ ಇದ್ದಾನಲ್ಲ,” ಎಂದು ಪೆನ್ನನ್ನು ನನ್ನ ಕಡೆ ಚಾಚಿದರು. ಸಹಿ ಮಾಡಿ, ಅದರ ಕೆಳಗೆ ದಿನಾಂಕವನ್ನು ಬರೆದೆ: ೨೦೧೩ನೆಯ ಇಸವಿ, ಜೂನ್ ೧೪, ಶುಕ್ರವಾರ.