ಒಂದು ಗೇಣು ಮರಳು

ಕೋಲಕ್ಕನಿಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಕಡಲದಂಡೆ ಕಚೇರಿಯ ಜವಾನನಿಗೂ ಅದು ಗೊತ್ತಿತ್ತು.

ಸದಾ ಅಳತೆಕೋಲು ಹಿಡಿದು ದಂಡೆಯ ಮೇಲೆ ಓಡಾಡುವುದರಿಂದ ಅವಳಿಗೆ ಆ ಹೆಸರು. ಮರಳುದಿಬ್ಬದ ನೆತ್ತಿಯಿಂದ ನೀರಿನ ಅಂಚಿನವರೆಗೆ ಇಳಿಜಾರು ಅಳೆಯುವುದು ಅವಳ ಕೆಲಸ. ಬಿರುಗಾಳಿ ಬಂದು ಹೋದ ಮರುದಿನ ಜನ ಅವಳನ್ನು ಮುತ್ತಿಕೊಂಡು, "ಕೋಲಕ್ಕ, ಕಡಲು ಎಷ್ಟು ತಿಂತು?" ಎಂದು ಕೇಳುತ್ತಿದ್ದರು. ಅವಳು ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ಬಿಡುತ್ತಿದ್ದಳು. ಆ ಸ್ವಲ್ಪ ಹೊತ್ತೇ ಅವಳ ಸುಖ.

ಅದಕ್ಕೆ ಕಲ್ಲು ಬಿದ್ದದ್ದು ವಾರಗಿತ್ತಿ ಅದೇ ಕಚೇರಿಗೆ ಬಂದ ಮೇಲೆ. ಮೈದುನನ ಹೆಂಡತಿ, ವಯಸ್ಸಿನಲ್ಲಿ ಚಿಕ್ಕವಳು, ಓದಿನಲ್ಲಿ ದೊಡ್ಡವಳು. ಕೋಲಕ್ಕ ತಂದ ಅಳತೆ, ಬರಲಿರುವ ಅಲೆಯ ಎತ್ತರ, ಉಬ್ಬರದ ಮಟ್ಟ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ, ಕಡಲು ಯಾವ ದಿಬ್ಬವನ್ನು ಎಲ್ಲಿಯವರೆಗೆ ಕೊರೆಯುತ್ತದೆಂದು ಗಾಳಿ ಏಳುವ ಮೊದಲೇ ಹೇಳಿಬಿಡುತ್ತಿದ್ದಳು. ಹೇಳಿದ್ದು ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು, ಅದೇ ಕಷ್ಟ. ಮುಂದಾಗುವುದನ್ನು ಹೇಳುವವಳು ಇರುವಾಗ ಆಗಿಹೋದದ್ದನ್ನು ಹೇಳುವವಳನ್ನು ಯಾರು ಕೇಳುತ್ತಾರೆ?

ದಿಬ್ಬದ ಬೆನ್ನಿಗೇ ಮನೆ ಮಾಡಿಕೊಂಡಿದ್ದ ಅತ್ತೆಯಂತೂ ಚಿಕ್ಕವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. "ನಮ್ಮ ಚಿಕ್ಕವಳು ಹೇಳಿದ್ಲು ಅಂದ್ರೆ ಮುಗೀತು. ಕಡಲೂ ಅವಳ ಮಾತು ಮೀರಲ್ಲ." ಆಗೆಲ್ಲ ಕೋಲಕ್ಕ ಅತ್ತೆಯ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಜೋಡಿಸುತ್ತಿದ್ದಳು.

ಇಳಿಜಾರು ಅಳೆಯಲು ಇಬ್ಬರು ಬೇಕು, ಆಳಿಗೊಂದು ಕೋಲು. ಮುಂದಿನ ಕೋಲಿನ ತುದಿಯನ್ನು ದೂರದಲ್ಲಿ ಕಡಲು ಬಾನು ಕೂಡುವ ಗೆರೆಗೆ ಸರಿಹೊಂದಿಸಿ ಹಿಂದಿನವರು ನೋಡಿದರೆ ನೆಲ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ. ಹೀಗೆ ಹಂತ ಹಂತವಾಗಿ ನೀರಿನವರೆಗೆ. ಅತ್ತೆಯ ಮನೆ ಮುಂದಿನ ದಿಬ್ಬ ಅಳೆಯುವ ದಿನ ಜೊತೆಗಾರ ರಜೆ ಹಾಕಿದ್ದ.

"ಅಕ್ಕಾ, ನಾನೇ ಬಂದು ಇನ್ನೊಂದು ಕೋಲು ಹಿಡೀಲಾ?" ಎಂದಳು ಚಿಕ್ಕವಳು.

"ನಿನ್ನ ಕೈಗೆ ಯಾಕಮ್ಮ ಮರಳು? ಇಷ್ಟು ವರ್ಷ ನಿನ್ನ ಕೇಳ್ಕೊಂಡು ಅಳೆದ್ನಾ?"

ಕೋಲಕ್ಕ ಒಬ್ಬಳೇ ಹೋಗಿ, ಮುಂದಿನ ಕೋಲನ್ನು ಹಂತಹಂತಕ್ಕೂ ಮರಳಲ್ಲಿ ನೆಟ್ಟುಕೊಂಡು ಅಳೆದು ಬಂದಳು.

ಬಿರುಗಾಳಿಯ ಸುದ್ದಿ ಬಂತು. ಚಿಕ್ಕವಳು ಲೆಕ್ಕ ಹಾಕಿ, "ತಗ್ಗು ದಿಬ್ಬದ ಕಡೆ ಮನೆಗಳನ್ನ ಖಾಲಿ ಮಾಡಿಸ್ಬೇಕು. ಅತ್ತೆ ಮನೆ ಮುಂದಿನ ದಿಬ್ಬ ಎತ್ತರ ಇದೆ, ತಡೆಯುತ್ತೆ" ಎಂದಳು. ಅತ್ತೆ ನಿಶ್ಚಿಂತೆಯಿಂದ ಕಾಲು ಚಾಚಿದರು. ಕೋಲಕ್ಕ ಮಾತ್ರ ಒಳಗೊಳಗೇ, ಒಂದು ಸಲ, ಒಂದೇ ಒಂದು ಸಲ ಇವಳ ಮಾತು ಸುಳ್ಳಾಗಲಿ ಎಂದುಕೊಂಡಳು. ಸುಳ್ಳಾದರೆ ಕಡಲಪಾಲಾಗುವುದು ಅತ್ತೆ ಮಲಗುವ ಕೋಣೆ ಎಂಬುದು ಹೊಳೆಯಲಿಲ್ಲ. ಹೊಳೆದರೂ ಮನಸ್ಸು ಅತ್ತ ತಿರುಗಲಿಲ್ಲ.

ಗಾಳಿಗೆ ಹಾರದಿರಲೆಂದು ಕೋಲುಗಳನ್ನು ಒಳಗಿಡಲು ಹೋದಾಗ ಒಂದರ ಬುಡ ಕಣ್ಣಿಗೆ ಬಿತ್ತು. ಗೇಣುದ್ದ ಮರಳು ಒಣಗಿ ಮೆತ್ತಿಕೊಂಡಿತ್ತು. ಕೈಯಲ್ಲಿ ಹಿಡಿದ ಕೋಲು ಮರಳಿನ ಮೇಲೆ ನಿಲ್ಲುತ್ತದೆ, ನೆಟ್ಟದ್ದು ಹೂತುಕೊಂಡು ತುದಿ ತಗ್ಗುತ್ತದೆ, ನೆಲವೇ ಅಷ್ಟು ಇಳಿದಂತೆ ಕಾಣುತ್ತದೆ. ಹೂತ ಗೇಣನ್ನು ಪ್ರತಿ ಸಲವೂ ಕಳೆಯಬೇಕು. ಅಂದು ಸಿಟ್ಟಿನ ಭರದಲ್ಲಿ ಕಳೆದೇ ಇರಲಿಲ್ಲ. ಗೇಣಿಗೆ ಗೇಣು ಸೇರಿ ದಿಬ್ಬ ಲೆಕ್ಕದಲ್ಲಿ ಆಳೆತ್ತರ ಬೆಳೆದುಬಿಟ್ಟಿತ್ತು.

ಹೇಳಿದರೆ ತನ್ನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಚಿಕ್ಕವಳ ಮಾತು ಸುಳ್ಳಾಗುತ್ತದೆ. ಬೇಡಿಕೊಂಡದ್ದು ತಾನಾಗಿ ಬಂದು ಕೈಗೆ ಬಿದ್ದಿತ್ತು. ಕೋಲಕ್ಕ ಆ ಕೋಲು ಹಿಡಿದು ನಿಂತೇ ಇದ್ದಳು. ನಾಚಿಕೆಗೇಡು, ಆದರೂ ನಿಜ: ಅವಳಿಗೆ ಆಸೆಯಾಯಿತು. ಆಮೇಲೆ ಹಲ್ಲು ಕಚ್ಚಿಕೊಂಡು ಚಿಕ್ಕವಳ ಮೇಜಿನ ಹತ್ತಿರ ಹೋದಳು.

"ನನ್ನ ಅಳತೆ ತಪ್ಪು. ಕೋಲು ನೆಟ್ಟಿದ್ದೆ. ಹೂತಿದ್ದನ್ನ ಕಳೆದಿಲ್ಲ."

ಚಿಕ್ಕವಳು ಕುರ್ಚಿ ಎಳೆದುಕೊಂಡು, ಹಂತಕ್ಕೊಂದು ಗೇಣು ಕಳೆದು ಲೆಕ್ಕವನ್ನು ಮೊದಲಿನಿಂದ ಹಾಕಿದಳು. ಈ ಸಲ ಲೆಕ್ಕದಲ್ಲಿ ದಿಬ್ಬ ನಿಲ್ಲಲಿಲ್ಲ. ಕತ್ತಲಾಗುವ ಮುಂಚೆ ಇಬ್ಬರೂ ಸೇರಿ, ಬೈಯುತ್ತಲೇ ಇದ್ದ ಅತ್ತೆಯನ್ನು ಹಾಸಿಗೆ ಸಮೇತ ಕೋಲಕ್ಕನ ಮನೆಗೆ ಸಾಗಿಸಿದರು.

ಬೆಳಗ್ಗೆ ನೋಡಿದರೆ ದಿಬ್ಬವೂ ಇಲ್ಲ, ಅತ್ತೆಯ ಕೋಣೆಯೂ ಇಲ್ಲ. ಉಳಿದರ್ಧ ಮನೆ ಕಡಲಿಗೆ ಬಾಯಿ ತೆರೆದು ನಿಂತಿತ್ತು. ನೆರೆದ ಜನರೆಲ್ಲ ಚಿಕ್ಕವಳನ್ನು ಹೊಗಳಿದ್ದೇ ಹೊಗಳಿದ್ದು. ಅತ್ತೆ ಅವಳ ಕೈ ಹಿಡಿದುಕೊಂಡು, "ನನ್ನ ಜೀವ ಉಳಿಸಿದೆ ಕಣೇ" ಎಂದು ಅತ್ತರು. ಈಗ ಹೇಳುತ್ತಾಳೆ, ಎಲ್ಲರೆದುರು ತನ್ನ ಬಣ್ಣ ಬಯಲು ಮಾಡುತ್ತಾಳೆ ಎಂದು ಕೋಲಕ್ಕ ಕಾದಳು.

"ನಾನಲ್ಲ ಅತ್ತೆ," ಎಂದಳು ಚಿಕ್ಕವಳು. "ಅಕ್ಕ ಅಳತೆ ಇನ್ನೊಂದ್ಸಲ ನೋಡಿದ್ದಕ್ಕೆ ಗೊತ್ತಾಗಿದ್ದು. ಇಲ್ದಿದ್ರೆ ನಾನು ನಿಮ್ಮನ್ನ ಅಲ್ಲೇ ಮಲಗಿಸ್ತಿದ್ದೆ."

ಜನ ಕೋಲಕ್ಕನ ಕಡೆ ತಿರುಗಿದರು. "ಎಷ್ಟು ತಿಂತು ಕೋಲಕ್ಕ?" ಎಂದು ಯಾರೋ ಕೇಳಿದರು. ಎಷ್ಟೋ ದಿನದಿಂದ ಕಾದಿದ್ದ ಮಾತು. ಆದರೆ ಚಿಕ್ಕವಳ ಜಾಗದಲ್ಲಿ ತಾನಿದ್ದಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದು ಕೋಲಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಒಳ್ಳೆಯವಳಾಗುವುದೂ ಇವಳಿಗೆ ಎಷ್ಟು ಸಲೀಸು ಎಂದು ಹೊಟ್ಟೆ ಹಿಂದೆಂದಿಗಿಂತ ಹೆಚ್ಚು ಉರಿಯಿತು.

"ಅಳೆಯದೆ ಹೇಗೆ ಹೇಳಲಿ?" ಎಂದು ಗದರಿ, ಮುಖದ ಗಂಟು ಬಿಚ್ಚದೆಯೇ ಎರಡನೇ ಕೋಲನ್ನು ಚಿಕ್ಕವಳ ಕಡೆ ಚಾಚಿದಳು. "ಹಿಡ್ಕೊ. ಮರಳಿನ ಮೇಲೆ ಇಡು, ನೆಡಬೇಡ."