ಬಾತುಗಳ ಮುಂದೆ ನಡೆದ ದಿನ

"ಬಾತು ಗದ್ದಿಗೆ ಬಿಡೂದು ಮರೀಬ್ಯಾಡ್ರಿ." ಬಳ್ಳಾರಿ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಆಡಿದ ಕೊನೆಯ ಮಾತು ಇದು.

ಸಿರಿಗೇರಿಯ ನಮ್ಮ ಭತ್ತದ ಗದ್ದೆಗೆ ಆಕೆ ಔಷಧಿ ಹೊಡೆಯಲು ಬಿಟ್ಟವಳಲ್ಲ. ಆಕೆ ಸಾಕಿದ ಹನ್ನೆರಡು ಬಾತುಕೋಳಿಗಳೇ ಹುಳ ತಿಂದು ಬೆಳೆ ಕಾಯುತ್ತಿದ್ದವು. ದಿನಾ ಆಕೆ ಮುಂದೆ, ಅವು ಹಿಂದೆ. ಆಕೆ ಹೋದ ಮೇಲೆ ನಾನು ಎಷ್ಟು ಕರೆದರೂ ಅವು ಗೂಡು ಬಿಟ್ಟು ಬರಲಿಲ್ಲ. ಬಡಿಗೆ ಹಿಡಿದು ಹೊರಗಟ್ಟಿದರೆ ತಿರುಗಿ ಒಳಗೆ ಓಡಿದವು. ಅಷ್ಟರಲ್ಲಿ ಗದ್ದೆಗೆ ಜಿಗಿಹುಳ ಬಿತ್ತು.

ಔಷಧಿ ಹೊಡೆಯುವವನನ್ನು ಕರೆಸಿದೆ. ಅವನು ಪಂಪು ಇಳಿಸಿ ಬಾತುಗಳನ್ನು ನೋಡಿದ.

"ಔಷಧಿ ಹೊಡದ ಮ್ಯಾಲೆ ನೀರಿಗಿಳಿದ್ರ ಇವು ಸಾಯ್ತಾವ. ಮಾರಿಬಿಡ್ರಿ."

"ಇಳಿಯೂದೇ ಇಲ್ಲಪ್ಪ. ನನ್ನ ಮಾತು ಕೇಳಾಂಗಿಲ್ಲ."

"ಮನ್ಯಾಗ ನಮ್ಮ ಮಾತು ಯಾರು ಕೇಳ್ತಾರ್ರಿ ಯಜಮಾನ್ರ? ಅಕ್ಕಾರನ್ನ ಕರೀರಿ," ಎಂದು ನಕ್ಕ.

"ಆಕಿ ತೀರಿಕೊಂಡು ಹತ್ತು ದಿನ ಆತು."

ಅವನು ತಲೆ ತಗ್ಗಿಸಿದ. ಇಳಿಸಿದ್ದ ಪಂಪನ್ನು ಮತ್ತೆ ಹೆಗಲಿಗೇರಿಸಿಕೊಂಡ.

"ಇವತ್ತು ಹೊಡಿಯಾಂಗಿಲ್ಲ. ಇನ್ನೊಂದು ದಿನ ಬಾತು ಇಳಿಸಾಕ ನೋಡ್ರಿ."

ಮರುದಿನ ಬೆಳಿಗ್ಗೆ ಆಕೆ ಗದ್ದೆಗೆ ಉಡುತ್ತಿದ್ದ ಸೀರೆಯನ್ನು ತಲೆ ಮೇಲಿಂದ ಹೊದ್ದು, ಗೂಡು ತೆರೆದು, ಹಿಂದೆ ತಿರುಗಿ ನೋಡದೆ ನಡೆದೆ. ಹನ್ನೆರಡೂ ನನ್ನ ಹಿಂದೆ ಬಂದು ಗದ್ದೆಗಿಳಿದವು. ಎದುರು ಬಂದವರು ನಕ್ಕರೋ ಏನೋ, ನನಗೆ ಕಾಣಲಿಲ್ಲ. ಸೆರಗನ್ನು ಕಣ್ಣಿನ ತನಕ ಎಳೆದುಕೊಂಡಿದ್ದೆ.